ಲಾವೋಸ್‌ನ ನೆಲ, ನೀರು, ದುಡ್ಡು: ಪದೇ ಪದೇ ಕೇಳುವ ಪ್ರಶ್ನೆಗಳು

ಲಾವೋಸ್ ಬಗ್ಗೆ ಮಾತು ಬಂದಾಗಲೆಲ್ಲ ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು ಎದುರಾಗುತ್ತವೆ. ಪರೀಕ್ಷೆಗೆ ಓದುವವರು, ಕಾಫಿ ಬೆಳೆಗಾರರು, ಪ್ರವಾಸಕ್ಕೆ ಹೊರಟವರು, ಅಲ್ಲಿಂದ ಕೆಲಸದ ಆಫರ್ ಬಂದವರು, ಎಲ್ಲರೂ ಕೇಳಿದ್ದಾರೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ಸ್ವಲ್ಪ ಗಂಟುಗಂಟಾದವು ಆಮೇಲೆ. ಯಾವುದನ್ನಾದರೂ ಬಿಡಿಯಾಗಿ ಓದಬಹುದು.

### ಮೊದಲು ಭೂಪಟ

ಲಾವೋಸ್ ಅಂದ್ರೆ ಎಲ್ಲಿ ಬರುತ್ತೆ? ಥಾಯ್ಲೆಂಡ್‌ನ ಒಂದು ಭಾಗವಾ?

ಅಲ್ಲ, ಅದು ಬೇರೆಯೇ ದೇಶ. ಥಾಯ್ಲೆಂಡ್‌ಗೂ ವಿಯೆಟ್ನಾಂಗೂ ನಡುವೆ ಉದ್ದಕ್ಕೆ ಚಾಚಿಕೊಂಡಿದೆ. ಉತ್ತರಕ್ಕೆ ಚೀನಾದ ಯುನ್ನಾನ್ ಪ್ರಾಂತ್ಯ, ವಾಯವ್ಯಕ್ಕೆ ಮ್ಯಾನ್ಮಾರ್, ದಕ್ಷಿಣಕ್ಕೆ ಕಾಂಬೋಡಿಯಾ. ಹೀಗೆ ಐದು ದೇಶಗಳ ಮಧ್ಯೆ ಸಿಕ್ಕಿಕೊಂಡಿದೆ. ಆಗ್ನೇಯ ಏಷ್ಯಾದಲ್ಲಿ ಸಮುದ್ರ ತೀರ ಇಲ್ಲದ ದೇಶ ಇದೊಂದೇ. ವಿಸ್ತೀರ್ಣ ಸುಮಾರು 2,36,800 ಚದರ ಕಿಲೋಮೀಟರ್. ಕರ್ನಾಟಕಕ್ಕಿಂತ ದೊಡ್ಡದು. 1893ರಿಂದ ಫ್ರೆಂಚರ ಕೈಯಲ್ಲಿತ್ತು, 1953ರಲ್ಲಿ ಸ್ವತಂತ್ರವಾಯಿತು. 1975ರ ಡಿಸೆಂಬರ್ 2ರಂದು ರಾಜನ ಆಳ್ವಿಕೆ ಕೊನೆಯಾಗಿ ಕಮ್ಯುನಿಸ್ಟ್ ಪಕ್ಷದ ಸರ್ಕಾರ ಬಂತು. ಅಂದಿನಿಂದ ಇಂದಿನವರೆಗೂ ಅದೇ ಪಕ್ಷ ಆಳುತ್ತಿದೆ.

ದೇಶ ಅಷ್ಟು ದೊಡ್ಡದು ಅಂತೀರಿ, ಜನ ಯಾಕೆ ಅಷ್ಟು ಕಮ್ಮಿ?

ಇಡೀ ದೇಶದ ಜನಸಂಖ್ಯೆ ಸುಮಾರು 75 ಲಕ್ಷ. ಬೆಂಗಳೂರಿಗಿಂತ ಕಮ್ಮಿ. ಚದರ ಕಿಲೋಮೀಟರಿಗೆ ಮೂವತ್ತು ಚಿಲ್ಲರೆ ಜನ. 2011ರ ಜನಗಣತಿಯಲ್ಲೇ ಕರ್ನಾಟಕದಲ್ಲಿ ಇದು 319 ಇತ್ತು.

ಮೊದಲ ಕಾರಣ ನೆಲ. ದೇಶದ ಬಹುಪಾಲು ಗುಡ್ಡ, ಬೆಟ್ಟ, ಕಾಡು. ವಿಯೆಟ್ನಾಂ ಗಡಿಯುದ್ದಕ್ಕೂ ಅನ್ನಾಮ್ ಬೆಟ್ಟಸಾಲು ಗೋಡೆಯ ಹಾಗೆ ನಿಂತಿದೆ. ಉತ್ತರದಲ್ಲಂತೂ ಸಮತಟ್ಟು ಜಾಗ ಹುಡುಕಬೇಕು. ಅತಿ ಎತ್ತರದ ಫೂ ಬಿಯಾ 2,800 ಮೀಟರ್ ದಾಟುತ್ತದೆ. ಗದ್ದೆ ಮಾಡಲು ಬರುವ ನೆಲ ಮೆಕಾಂಗ್ ನದಿಯ ಬದಿಯಲ್ಲಷ್ಟೇ: ವಿಯೆಂಟಿಯಾನ್, ಸವನ್ನಖೇಟ್, ಚಂಪಾಸಕ್ ಬಯಲುಗಳು. ಜನವೂ ಅಲ್ಲೇ ದಟ್ಟವಾಗಿದ್ದಾರೆ.

ಎರಡನೆಯದು ಇತಿಹಾಸ. 1820ರ ದಶಕದ ಕೊನೆಯಲ್ಲಿ ಸಯಾಮಿನ (ಈಗಿನ ಥಾಯ್ಲೆಂಡ್) ಸೇನೆ ವಿಯೆಂಟಿಯಾನ್ ಪಟ್ಟಣವನ್ನು ಸುಟ್ಟು ಹಾಳುಮಾಡಿತು. ಊರೂರುಗಳನ್ನೇ ಎಬ್ಬಿಸಿ ಮೆಕಾಂಗ್‌ನ ಆಚೆ ದಡಕ್ಕೆ ಸಾಗಿಸಿತು. ಈಗಲೂ ಲಾವೋ ಮಾತಾಡುವವರು ಲಾವೋಸ್‌ಗಿಂತ ಈಶಾನ್ಯ ಥಾಯ್ಲೆಂಡ್‌ನಲ್ಲೇ ಜಾಸ್ತಿ. 1975ರ ನಂತರವೂ ಮೂರು ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟು ಹೋದರು. ಓದಿದವರು, ವ್ಯಾಪಾರಿಗಳು, ಅಧಿಕಾರಿಗಳು ಅವರಲ್ಲಿ ಬಹಳ. ಆ ಪೆಟ್ಟಿನಿಂದ ಆಡಳಿತ ಚೇತರಿಸಿಕೊಳ್ಳಲು ದಶಕಗಳೇ ಬೇಕಾದವು.

ರಾಜಧಾನಿ ಗಡಿಗೇ ಅಂಟಿಕೊಂಡಿದೆಯಲ್ಲ, ಹಾಗ್ಯಾಕೆ?

ಊರು ಗಡಿಗೆ ಹೋಗಲಿಲ್ಲ, ಗಡಿಯೇ ಊರಿನ ಬಾಗಿಲಿಗೆ ಬಂತು. ಹದಿನಾರನೇ ಶತಮಾನದಲ್ಲಿ ರಾಜ ಸೆತ್ತಾಥಿರಾತ್ ಲುವಾಂಗ್ ಪ್ರಬಾಂಗ್‌ನಿಂದ ವಿಯೆಂಟಿಯಾನ್‌ಗೆ ರಾಜಧಾನಿ ಬದಲಿಸಿದಾಗ ನದಿಯ ಎರಡೂ ದಡ ಅವನದೇ. ಊರು ರಾಜ್ಯದ ನಟ್ಟನಡುವೆ ಇತ್ತು. 1893ರಲ್ಲಿ ಫ್ರಾನ್ಸ್ ಮತ್ತು ಸಯಾಮ್ ಒಪ್ಪಂದ ಮಾಡಿಕೊಂಡು ಮೆಕಾಂಗ್ ನದಿಯನ್ನೇ ಗಡಿ ಮಾಡಿದವು. ಈಗ ವಿಯೆಂಟಿಯಾನ್ ದಂಡೆಯಲ್ಲಿ ನಿಂತರೆ ಎದುರಿಗೆ ಕಾಣುವುದು ಥಾಯ್ಲೆಂಡ್. ಆದರೆ ಎಲ್ಲ ಕಡೆ ಹೀಗಿಲ್ಲ. ಉತ್ತರದ ಸಯಾಬುರಿ, ದಕ್ಷಿಣದ ಚಂಪಾಸಕ್ ಪ್ರಾಂತ್ಯಗಳಲ್ಲಿ ನದಿಯ ಎರಡೂ ಬದಿ ಲಾವೋಸ್‌ನದೇ. ಪರೀಕ್ಷೆಗೆ ಓದುವವರು 'ಗಡಿ ಎಂದರೆ ಮೆಕಾಂಗ್' ಅಂತ ಪೂರ್ತಿ ಗಡಿಗೆ ಅನ್ವಯಿಸಿ ಬರೆಯಬೇಡಿ.

ಮೆಕಾಂಗ್ ಹೇಗೂ ಸಮುದ್ರಕ್ಕೆ ಹೋಗುತ್ತೆ, ಹಡಗಿನಲ್ಲಿ ಹೋಗೋಕಾಗಲ್ವಾ?

ತುಂಬ ಒಳ್ಳೆಯ ಪ್ರಶ್ನೆ. ಫ್ರೆಂಚರಿಗೂ ಇದೇ ಆಸೆ ಇತ್ತು. 1866ರಲ್ಲಿ ದುದಾರ್ ದ ಲಾಗ್ರೇ ಮತ್ತು ಫ್ರಾನ್ಸಿಸ್ ಗಾರ್ನಿಯೇ ಸೈಗಾನ್‌ನಿಂದ ಹೊರಟು ನದಿಯ ಗುಂಟ ಮೇಲಕ್ಕೆ ಬಂದರು. ಮೆಕಾಂಗ್ ಹಿಡಿದು ಚೀನಾದ ವ್ಯಾಪಾರ ತಲುಪಬಹುದು ಅನ್ನುವುದು ಲೆಕ್ಕಾಚಾರ. ಕಾಂಬೋಡಿಯಾ ದಾಟಿ ಲಾವೋಸ್‌ನ ತೆಂಕಣ ತುದಿಗೆ ಬಂದಾಗ ಖೋನ್ ಜಲಪಾತ ಅಡ್ಡ ನಿಂತಿತ್ತು.

ಎತ್ತರದಲ್ಲಿ ಅದು ಜೋಗದ ಹತ್ತಿರಕ್ಕೂ ಬರುವುದಿಲ್ಲ, ಬೀಳುವುದು ಸುಮಾರು ಇಪ್ಪತ್ತು ಮೀಟರ್. ಆದರೆ ಅಗಲ ನೋಡಿ: ನದಿ ಅಲ್ಲಿ ನೂರಾರು ಕವಲಾಗಿ, ಬಂಡೆ ಮತ್ತು ದ್ವೀಪಗಳ ನಡುವೆ ಸುಮಾರು ಹತ್ತು ಕಿಲೋಮೀಟರ್ ಹರಡಿಕೊಂಡು ಕೆಳಗಿಳಿಯುತ್ತದೆ. ಆ ಪ್ರದೇಶಕ್ಕೆ ನಾಲ್ಕು ಸಾವಿರ ದ್ವೀಪಗಳು ಅಂತಲೇ ಹೆಸರು. ಯಾವ ಕವಲಿನಲ್ಲೂ ಹಡಗು ಹತ್ತುವುದಿಲ್ಲ.

ಫ್ರೆಂಚರು ಸುಮ್ಮನೆ ಕೂರಲಿಲ್ಲ. 1890ರ ದಶಕದಲ್ಲಿ ಡಾನ್ ಖೋನ್ ದ್ವೀಪದಲ್ಲಿ ಹಳಿ ಹಾಕಿ, ಹಡಗುಗಳನ್ನೇ ಬಿಚ್ಚಿ, ಬಂಡಿಗಳ ಮೇಲೇರಿಸಿ ಜಲಪಾತದ ಮೇಲ್ಬದಿಗೆ ಸಾಗಿಸಿದರು. ಆಮೇಲೆ ಸೇತುವೆ ಕಟ್ಟಿ ಪಕ್ಕದ ಡಾನ್ ಡೆಟ್ ದ್ವೀಪಕ್ಕೂ ಹಳಿ ಮುಂದುವರಿಸಿದರು. ಒಟ್ಟು ಉದ್ದ ಏಳು ಕಿಲೋಮೀಟರ್ ಅಷ್ಟೇ. ಲಾವೋಸ್‌ನ ಮೊದಲ ರೈಲು ಅದೇ. ತುಕ್ಕು ಹಿಡಿದ ಇಂಜಿನ್ ಇವತ್ತಿಗೂ ಆ ದ್ವೀಪದಲ್ಲಿ ನಿಂತಿದೆ. ಇಷ್ಟೆಲ್ಲ ಮಾಡಿದರೂ ಸರಕಿನ ದಾರಿ ಅಗ್ಗವಾಗಲಿಲ್ಲ. ಒಂದೇ ಸರಕನ್ನು ಹಡಗಿನಿಂದ ರೈಲಿಗೆ, ರೈಲಿನಿಂದ ಮತ್ತೆ ಹಡಗಿಗೆ ಏರಿಸಿ ಇಳಿಸುವ ಖರ್ಚಿನಲ್ಲೇ ಲಾಭ ಕರಗಿಹೋಗುತ್ತಿತ್ತು. ಜಲಪಾತದ ಮೇಲಿನ ನದಿಯಲ್ಲಿ ದೋಣಿ, ಸರಕು ನಾವೆ ಓಡುತ್ತವೆ. ಸಮುದ್ರದ ತನಕ ಹೋಗುವ ದಾರಿ ಮಾತ್ರ ಇಲ್ಲ.

ಮಳೆ, ಚಳಿ ಹೇಗೆ? ಯಾವಾಗ ಹೋಗಬಹುದು?

ಮಳೆಗಾಲ ಮೇನಿಂದ ಅಕ್ಟೋಬರ್ ತನಕ, ಹೆಚ್ಚುಕಮ್ಮಿ ನಮ್ಮ ಮುಂಗಾರಿನ ಹಾಗೇ. ನವೆಂಬರ್‌ನಿಂದ ಫೆಬ್ರವರಿ ಹಿತವಾದ ಹವೆ. ಉತ್ತರದ ಬೆಟ್ಟಗಳಲ್ಲಿ ಸ್ವೆಟರ್ ಬೇಕಾಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಉತ್ತರದ ಕಡೆ ಹೋಗುವ ಮುಂಚೆ ಯೋಚಿಸಿ. ಬೇಸಾಯಕ್ಕೆ ಗುಡ್ಡ ಸುಡುವ ಕಾಲ ಅದು, ದಿನಗಟ್ಟಲೆ ಹೊಗೆ ಕವಿದಿರುತ್ತದೆ. ಆಸ್ತಮಾ ಇರುವವರಿಗೆ ಬಹಳ ಕಷ್ಟ.

### ಹೊಲ, ಗದ್ದೆ, ತೋಟ

ಅಲ್ಲಿನ ಜನ ಏನು ತಿಂತಾರೆ, ಏನು ಬೆಳೀತಾರೆ?

ಮುಖ್ಯ ಊಟ ಅಂಟಕ್ಕಿ ಅನ್ನ. ರಾತ್ರಿಯಿಡೀ ನೆನೆಸಿಟ್ಟ ಅಕ್ಕಿಯನ್ನು ಬೆಳಿಗ್ಗೆ ಬಿದಿರಿನ ಬುಟ್ಟಿಯಲ್ಲಿ ಹಾಕಿ ಹಬೆಯಲ್ಲಿ ಬೇಯಿಸುತ್ತಾರೆ. ಮುಚ್ಚಳದ ಸಣ್ಣ ಬಿದಿರು ಬುಟ್ಟಿಗೆ ತುಂಬಿ ಗದ್ದೆಗೂ ಒಯ್ಯುತ್ತಾರೆ. ಕೈಯಲ್ಲೇ ಉಂಡೆ ಮಾಡಿ, ಚಟ್ನಿಗೋ ಮೀನಿನ ಪಲ್ಯಕ್ಕೋ ಅದ್ದಿ ತಿನ್ನುತ್ತಾರೆ. ರಾಗಿ ಮುದ್ದೆ ತಿಂದು ಬೆಳೆದವರಿಗೆ ಈ ಊಟದ ಕ್ರಮ ಹೇಳಿಕೊಡಬೇಕಿಲ್ಲ.

ಬಯಲಿನಲ್ಲಿ ಭತ್ತದ ಗದ್ದೆ. ಗುಡ್ಡದಲ್ಲಿ ನಮ್ಮ ಮಲೆನಾಡಿನಲ್ಲಿ ಹಿಂದೆ ಇದ್ದಂಥ ಕುಮರಿ ಬೇಸಾಯ: ಕಾಡು ಕಡಿದು, ಸುಟ್ಟು, ಒಂದೆರಡು ವರ್ಷ ಬೆಳೆ ತೆಗೆದು, ಆ ಜಾಗ ಪಾಳು ಬಿಟ್ಟು ಮುಂದೆ ಹೋಗುವುದು. ಸರ್ಕಾರ ಇದನ್ನು ನಿಲ್ಲಿಸಲು ಬಹಳ ವರ್ಷಗಳಿಂದ ಪ್ರಯತ್ನಿಸುತ್ತಿದೆ. ಪಾಳು ಬಿಡುವ ಅವಧಿ ಕಮ್ಮಿಯಾದಾಗ ಮಣ್ಣಿನ ಸಾರ ಹೋಗುವುದು ನಿಜ. ಆದರೆ ಗುಡ್ಡದ ಜನರನ್ನು ರಸ್ತೆ ಬದಿಗೆ ಎಬ್ಬಿಸಿ ತಂದು, ಸಾಕಷ್ಟು ಭೂಮಿ ಕೊಡದೆ ಬಿಟ್ಟರೆ ಅದು ಪರಿಹಾರವಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಈಚಿನ ವರ್ಷಗಳಲ್ಲಿ ಮಾರಾಟದ ಬೆಳೆಗಳು ಹೆಚ್ಚಿವೆ. ಮರಗೆಣಸು ಥಾಯ್ಲೆಂಡ್, ವಿಯೆಟ್ನಾಂ ಕಡೆಗೆ ಹೋಗುತ್ತದೆ. ಉತ್ತರದ ರಬ್ಬರ್, ಬಾಳೆ ಹೆಚ್ಚಾಗಿ ಚೀನಾಕ್ಕೆ.

ಅಲ್ಲೂ ಕಾಫಿ ಇದೆಯಂತೆ. ನಮ್ಮ ಕೊಡಗು, ಚಿಕ್ಕಮಗಳೂರಿನ ಥರಾನೇನಾ?

ಸ್ವಲ್ಪ ಹೌದು, ಸ್ವಲ್ಪ ಅಲ್ಲ. ದಕ್ಷಿಣದ ಬೊಲಾವೆನ್ ಪ್ರಸ್ಥಭೂಮಿ ಲಾವೋಸ್‌ನ ಕಾಫಿ ನಾಡು. ಎತ್ತರ 1,000ದಿಂದ 1,300 ಮೀಟರ್. ಹಳೇ ಜ್ವಾಲಾಮುಖಿಯ ಕೆಂಪು ಮಣ್ಣು, ಜೋರು ಮಳೆ. ಪಾಕ್ಸೆ ಪಟ್ಟಣದಿಂದ ಸುಮಾರು 50 ಕಿಲೋಮೀಟರ್ ಮೇಲಕ್ಕೆ ಹೋದರೆ ಪಾಕ್ಸೋಂಗ್ ಎಂಬ ಸಣ್ಣ ಊರು ಸಿಗುತ್ತದೆ, ಕಾಫಿ ವ್ಯಾಪಾರಕ್ಕೆ ಅದೇ ಕೇಂದ್ರ. ಇಲ್ಲಿ ಕಾಫಿ ಬೆಳೆ ಊರಿದವರು ಫ್ರೆಂಚರು. ಮೊದಲು ಅರೇಬಿಕಾ ಇತ್ತು. ಎಲೆ ತುಕ್ಕು ರೋಗ ಬಂದು ಅದು ನೆಲಕಚ್ಚಿದ ಮೇಲೆ ರೊಬಸ್ಟಾ ಹರಡಿತು. ತುಕ್ಕು ತಡೆಯುವ ಕ್ಯಾಟಿಮೋರ್ ತಳಿ ಬಂದಾಗ ಅರೇಬಿಕಾ ಮತ್ತೆ ತಲೆ ಎತ್ತಿತು. ನಮ್ಮ ಬೆಳೆಗಾರರಿಗೆ ಈ ಕತೆ ಚೆನ್ನಾಗಿ ಗೊತ್ತು, ಅಲ್ವಾ? ಕ್ಯಾಟಿಮೋರ್ ವಂಶದ ಗಿಡಗಳು ಇಲ್ಲೂ ಇವೆ.

ವ್ಯತ್ಯಾಸ ಎಲ್ಲಿ ಅಂದರೆ, ಬೊಲಾವೆನ್‌ನಲ್ಲಿ ಬೆಳೆಗಾರರು ಬಹುಪಾಲು ಸಣ್ಣ ಹಿಡುವಳಿಯವರು. ನಮ್ಮಲ್ಲಿನ ಹಾಗೆ ಎರಡು ಮೂರು ಹಂತದ ಮರದ ನೆರಳು, ಮೆಣಸಿನ ಬಳ್ಳಿ, ಇವೆಲ್ಲ ಅಲ್ಲಿ ಅಷ್ಟಾಗಿ ಇಲ್ಲ. ಕೊಯ್ಲಿನ ಕಾಲಕ್ಕೆ ಮನೆ ಮುಂದೆ, ರಸ್ತೆ ಬದಿ, ಎಲ್ಲಿ ನೋಡಿದರೂ ಹಣ್ಣು ಒಣಗಲು ಹರಡಿರುತ್ತಾರೆ. ಅಸಲಿ ತೊಡಕು ತೋಟದಿಂದ ಆಚೆಗೆ ಶುರುವಾಗುತ್ತದೆ. ಮಡಿಕೇರಿಯ ಕಾಫಿ ಗಡಿ ದಾಟದೆ ಮಂಗಳೂರು ಬಂದರಿಗೆ ಇಳಿಯುತ್ತದೆ. ಪಾಕ್ಸೋಂಗ್‌ನ ಕಾಫಿ ಪಾಕ್ಸೆಗೆ ಇಳಿದು, ಮೆಕಾಂಗ್ ಸೇತುವೆ ದಾಟಿ, ವಾಂಗ್ ತಾವೋ ಗಡಿ ಠಾಣೆಯಲ್ಲಿ ಕಾಗದಪತ್ರ ಮುಗಿಸಿ, ಥಾಯ್ಲೆಂಡ್‌ನ ಉದ್ದಕ್ಕೂ ಹೋಗಿ ಲೇಮ್ ಚಬಾಂಗ್ ಬಂದರು ಸೇರಬೇಕು. ಇಲ್ಲವೇ ಬೆಟ್ಟ ಹತ್ತಿ ವಿಯೆಟ್ನಾಂಗೆ. ಆ ಸಾಗಣೆ ಖರ್ಚೆಲ್ಲ ಕೊನೆಗೆ ಬೆಳೆಗಾರನಿಗೆ ಸಿಗುವ ದರದಲ್ಲೇ ಕಳೆಯುತ್ತದೆ.

ಯುದ್ಧ ಮುಗಿದು ಐವತ್ತು ವರ್ಷ ಆಯ್ತು. ಬಾಂಬುಗಳು ಇನ್ನೂ ಸಿಡೀತವೆ ಅನ್ನೋದು ನಿಜಾನಾ?

ನಿಜ. 1964ರಿಂದ 1973ರ ತನಕ ಅಮೆರಿಕದ ವಿಮಾನಗಳು ಲಾವೋಸ್ ಮೇಲೆ ಸುಮಾರು 5,80,000 ಬಾರಿ ದಾಳಿ ಮಾಡಿದವು. 20 ಲಕ್ಷ ಟನ್‌ಗೂ ಹೆಚ್ಚು ಬಾಂಬು ಹಾಕಿದವು. ಉತ್ತರ ವಿಯೆಟ್ನಾಂ ಸೈನ್ಯಕ್ಕೆ ಸಾಮಾನು ಸಾಗಿಸುವ ಹೋ ಚಿ ಮಿನ್ ದಾರಿ ಲಾವೋಸ್‌ನ ಪೂರ್ವ ಭಾಗದಲ್ಲಿ ಹಾದುಹೋಗುತ್ತಿತ್ತು. ಅದನ್ನು ಕಡಿಯುವುದು ಒಂದು ಗುರಿ, ಉತ್ತರದಲ್ಲಿ ಕಮ್ಯುನಿಸ್ಟ್ ಪಡೆಗಳನ್ನು ಬಡಿಯುವುದು ಇನ್ನೊಂದು. ಇವುಗಳಲ್ಲಿ ಗೊಂಚಲು ಬಾಂಬುಗಳು ಬಹಳ. ಒಂದೊಂದರ ಹೊಟ್ಟೆಯಲ್ಲೂ ನೂರಾರು ಸಣ್ಣ ಗುಂಡುಗಳು. ಅಂಥ ಗುಂಡುಗಳು ಒಟ್ಟು 27 ಕೋಟಿ ಬಿದ್ದವು, ಅವುಗಳಲ್ಲಿ ಸುಮಾರು 8 ಕೋಟಿ ಸಿಡಿಯದೆ ಉಳಿದವು ಎನ್ನುವುದು ಅಂದಾಜು. ಟೆನಿಸ್ ಚೆಂಡಿನಷ್ಟು ದೊಡ್ಡವು. ಮಕ್ಕಳು ಆಟದ ಸಾಮಾನು ಅಂದುಕೊಂಡು ಎತ್ತಿಕೊಳ್ಳುತ್ತಾರೆ. ಗುಜರಿಗೆ ಮಾರಲು ಹೋಗಿ ಸತ್ತವರೂ ಇದ್ದಾರೆ.

ಆರ್ಥಿಕತೆಯ ಮಾತಿನಲ್ಲಿ ಇದನ್ನು ಯಾಕೆ ತರುತ್ತೀರಿ ಎಂದು ಕೆಲವರು ಕೇಳುತ್ತಾರೆ. ಕ್ಸಿಯೆಂಗ್ ಖುವಾಂಗ್ ಅಥವಾ ಸವನ್ನಖೇಟ್‌ನ ರೈತ ಹೊಸ ಗದ್ದೆ ಮಾಡಬೇಕಾದರೆ ನೆಲ ಆಳಕ್ಕೆ ಅಗೆಯಲು ಹೆದರುತ್ತಾನೆ. ಶಾಲೆ ಕಟ್ಟಲು, ರಸ್ತೆ ಹಾಕಲು, ಕರೆಂಟ್ ಕಂಬ ನೆಡಲು, ಎಲ್ಲದಕ್ಕೂ ಮೊದಲು ಲೋಹ ಪತ್ತೆ ಯಂತ್ರ ಹಿಡಿದವರು ಬಂದು ಅಡಿ ಅಡಿಯಾಗಿ ಹುಡುಕಬೇಕು. ಬೇರೆ ಬಡ ದೇಶಗಳಿಗೆ ಇಲ್ಲದ ಖರ್ಚು ಇದು. ವಿಶ್ವಸಂಸ್ಥೆಯ 17 ಅಭಿವೃದ್ಧಿ ಗುರಿಗಳಿಗೆ ಲಾವೋಸ್ ತನ್ನದೇ 18ನೇ ಗುರಿ ಸೇರಿಸಿಕೊಂಡಿದೆ: ಸಿಡಿಯದ ಬಾಂಬುಗಳ ಭಯವಿಲ್ಲದ ಬದುಕು. 2016ರಲ್ಲಿ ಬರಾಕ್ ಒಬಾಮಾ ವಿಯೆಂಟಿಯಾನ್‌ಗೆ ಬಂದಾಗ ತೆರವು ಕೆಲಸಕ್ಕೆ ಮೂರು ವರ್ಷಕ್ಕೆ 9 ಕೋಟಿ ಡಾಲರ್ ಘೋಷಿಸಿದರು. ಹಾಕಿದ ಬಾಂಬಿನ ಲೆಕ್ಕದ ಮುಂದೆ ಅದು ಬಹಳ ಕಮ್ಮಿ, ಬಂದದ್ದೂ ಬಹಳ ತಡವಾಗಿ.

### ದಾರಿ, ಕರೆಂಟ್, ಸಾಲ

ಬಂದರೇ ಇಲ್ಲ ಅಂದ್ಮೇಲೆ ಸಾಮಾನು ಹೇಗೆ ಬರುತ್ತೆ, ಹೇಗೆ ಹೋಗುತ್ತೆ?

ಮುಖ್ಯ ಬಾಗಿಲು ಥಾಯ್ಲೆಂಡ್. ಹಡಗಿನ ಸರಕು ಲೇಮ್ ಚಬಾಂಗ್ ಅಥವಾ ಬ್ಯಾಂಕಾಕ್ ಬಂದರಿನಲ್ಲಿ ಇಳಿದು ಲಾರಿಯಲ್ಲೋ ರೈಲಿನಲ್ಲೋ ಬರುತ್ತದೆ. ಮೆಕಾಂಗ್ ಮೇಲೆ ಮೊದಲ ಸ್ನೇಹ ಸೇತುವೆ ಆಸ್ಟ್ರೇಲಿಯಾದ ನೆರವಿನಿಂದ 1994ರಲ್ಲಿ, ವಿಯೆಂಟಿಯಾನ್ ಮತ್ತು ನೋಂಗ್ ಖಾಯ್ ನಡುವೆ ತೆರೆಯಿತು. ಅದಕ್ಕೂ ಮೊದಲು ಎಲ್ಲವೂ ದೋಣಿಯ ಮೇಲೆ. ಆಮೇಲೆ ಸವನ್ನಖೇಟ್, ಥಾಖೇಕ್, ಹುವಾಯ್‌ಸಾಯ್ ಊರುಗಳಲ್ಲೂ ಸೇತುವೆ ಬಂದವು. ಥಾಯ್ಲೆಂಡ್‌ನಲ್ಲಿ ಗಾಡಿ ಎಡಕ್ಕೆ ಓಡುತ್ತದೆ, ಲಾವೋಸ್‌ನಲ್ಲಿ ಬಲಕ್ಕೆ. ಹಾಗಾಗಿ ಮೊದಲ ಸೇತುವೆಯ ಲಾವೋಸ್ ತುದಿಯಲ್ಲಿ ಸಿಗ್ನಲ್ ಹಾಕಿ ಗಾಡಿಗಳ ಬದಿ ಬದಲಾಯಿಸುತ್ತಾರೆ.

ಇನ್ನೊಂದು ಬಾಗಿಲು ವಿಯೆಟ್ನಾಂ. ಸವನ್ನಖೇಟ್‌ನಿಂದ 9ನೇ ನಂಬರ್ ರಸ್ತೆ ಬೆಟ್ಟ ದಾಟಿ ದಾನಾಂಗ್ ಕಡೆ ಹೋಗುತ್ತದೆ. ಥಾಖೇಕ್‌ನಿಂದ ವುಂಗ್ ಆಂಗ್ ಬಂದರು ಇನ್ನೂ ಹತ್ತಿರ. ಆ ಬಂದರಿನಲ್ಲಿ ಲಾವೋಸ್ ಪಾಲನ್ನೂ ತೆಗೆದುಕೊಂಡಿದೆ. ಭೂಪಟದಲ್ಲಿ ದೂರ ಕಮ್ಮಿ ಕಂಡರೂ ಬೆಟ್ಟದ ರಸ್ತೆಯಲ್ಲಿ ಲಾರಿ ನಿಧಾನ. ಒಂದೇ ಕಡೆ ತುಂಬಿಕೊಂಡು ಹೋಗಿ ಖಾಲಿ ವಾಪಸ್ ಬರುವ ಲಾರಿಗಳ ಬಾಡಿಗೆಯೂ ಸಾಮಾನಿನ ಬೆಲೆಗೆ ಸೇರುತ್ತದೆ.

ಕರೆಂಟ್ ಮಾರಿ ಬದುಕೋ ದೇಶ ಅಂತಾರಲ್ಲ, ಅದು ಹೇಗೆ ನಡೆಯುತ್ತೆ?

ಮಳೆ ಜಾಸ್ತಿ, ಬೆಟ್ಟ ಜಾಸ್ತಿ, ಜನ ಕಮ್ಮಿ. ಪಕ್ಕದಲ್ಲೇ ಕರೆಂಟಿಗೆ ಹಸಿದ ಥಾಯ್ಲೆಂಡ್. ಈ ವ್ಯಾಪಾರ ಶುರುವಾಗಿದ್ದು 1971ರ ನಾಮ್ ಙುಮ್ ಅಣೆಕಟ್ಟಿನಿಂದ. ಈಗ ದೇಶದ ರಫ್ತಿನಲ್ಲಿ ಕರೆಂಟಿನದು ದೊಡ್ಡ ಪಾಲು. ಸಿಂಗಪುರವೂ 2022ರಿಂದ ಥಾಯ್ಲೆಂಡ್, ಮಲೇಷ್ಯಾ ಲೈನ್‌ಗಳ ಮೂಲಕ 100 ಮೆಗಾವ್ಯಾಟ್ ತನಕ ಖರೀದಿ ಮಾಡಲು ಶುರುಮಾಡಿತು.

ಒಂದು ಯೋಜನೆ ಹತ್ತಿರದಿಂದ ನೋಡಿದರೆ ಲೆಕ್ಕ ಅರ್ಥವಾಗುತ್ತದೆ. 2010ರಲ್ಲಿ ಶುರುವಾದ ನಾಮ್ ತೂನ್ 2 ಯೋಜನೆಯ ಸಾಮರ್ಥ್ಯ 1,070 ಮೆಗಾವ್ಯಾಟ್. ನಕಾಯ್ ಪ್ರಸ್ಥಭೂಮಿಯಲ್ಲಿ ನೀರು ನಿಲ್ಲಿಸಿ, ಸುಮಾರು 350 ಮೀಟರ್ ಕೆಳಗೆ ಬೀಳಿಸಿ, ಟರ್ಬೈನ್ ತಿರುಗಿಸಿ, ಸೆ ಬಾಂಗ್ ಫಾಯ್ ಎಂಬ ಬೇರೆಯೇ ನದಿಗೆ ಬಿಡುತ್ತಾರೆ. ಕಂಪನಿಯಲ್ಲಿ ಫ್ರಾನ್ಸಿನ ಮತ್ತು ಥಾಯ್ಲೆಂಡ್‌ನ ಸಂಸ್ಥೆಗಳ ಪಾಲು 75 ಶೇಕಡ, ಲಾವೋಸ್ ಸರ್ಕಾರದ್ದು 25. 1,000 ಮೆಗಾವ್ಯಾಟ್ ಥಾಯ್ಲೆಂಡ್‌ಗೆ, 75ರ ಆಸುಪಾಸು ದೇಶದೊಳಕ್ಕೆ. ಸರ್ಕಾರಕ್ಕೆ ರಾಯಲ್ಟಿ, ತೆರಿಗೆ, ಲಾಭಾಂಶ ಬರುತ್ತವೆ. 25 ವರ್ಷ ನಡೆಸಿದ ಮೇಲೆ ಸ್ಥಾವರ ಪೂರ್ತಿಯಾಗಿ ಸರ್ಕಾರಕ್ಕೆ ಸೇರಬೇಕು. ಜಲಾಶಯಕ್ಕಾಗಿ 6,000ಕ್ಕೂ ಹೆಚ್ಚು ಜನರನ್ನು ಎಬ್ಬಿಸಿದರು. ಕೆಳಗಿನ ನದಿಯ ಹರಿವು ಬದಲಾದ್ದರಿಂದ ಮೀನು ಹಿಡಿಯುವವರಿಗೆ, ದಂಡೆಯಲ್ಲಿ ತರಕಾರಿ ಬೆಳೆಯುವವರಿಗೆ ತೊಂದರೆಯಾಯಿತು.

ಇಲ್ಲಿ ಕಾಣಬೇಕಾದ್ದು ಒಪ್ಪಂದದ ಕರಾರು. ಬೆಟ್ಟ, ನೀರು ಲಾವೋಸ್‌ನದು. ಬಂಡವಾಳ, ಖರೀದಿದಾರ, ದರ ಎಲ್ಲ ಹೊರಗಿನದು. ಸಮುದ್ರ ಇಲ್ಲದ್ದು ಲಾವೋಸ್‌ನ ಬಡತನಕ್ಕೆ ಪೂರ್ತಿ ಕಾರಣ ಅಲ್ಲ. ಇರುವ ಸಂಪತ್ತನ್ನು ಯಾವ ಷರತ್ತಿಗೆ ಕೊಟ್ಟಿತು ಅನ್ನುವುದೇ ನನ್ನ ಪ್ರಕಾರ ದೊಡ್ಡ ಕಾರಣ.

ಎಲ್ಲ ಕರೆಂಟೂ ನೀರಿನದಲ್ಲ ಅನ್ನುವುದನ್ನೂ ನೆನಪಿಡಿ. ಹೋಂಗ್ಸಾದಲ್ಲಿ 1,878 ಮೆಗಾವ್ಯಾಟ್‌ನ ಲಿಗ್ನೈಟ್ ಕಲ್ಲಿದ್ದಲು ಸ್ಥಾವರ ಇದೆ. ದಕ್ಷಿಣದಲ್ಲಿ 600 ಮೆಗಾವ್ಯಾಟ್‌ನ ಗಾಳಿ ವಿದ್ಯುತ್ ಯೋಜನೆಯನ್ನು ವಿಯೆಟ್ನಾಂಗೆ ಮಾರಲೆಂದೇ ಕಟ್ಟಿದ್ದಾರೆ.

ಅಷ್ಟು ಕರೆಂಟ್ ಇದ್ರೂ ಬೇಸಿಗೆಯಲ್ಲಿ ಥಾಯ್ಲೆಂಡ್‌ನಿಂದ ತರಿಸ್ತಾರಂತೆ, ಯಾಕೆ?

ಜಲವಿದ್ಯುತ್ ಮಳೆಗಾಲದಲ್ಲಿ ಮಿಕ್ಕುತ್ತದೆ, ಬೇಸಿಗೆಯಲ್ಲಿ ಸಾಲದು. ದೊಡ್ಡ ಸ್ಥಾವರಗಳು ಹೆಚ್ಚಾಗಿ ಹೊರದೇಶದ ಗ್ರಾಹಕರಿಗೆ ಕಟ್ಟಿಹಾಕಿಕೊಂಡಿವೆ. ಅವುಗಳ ಲೈನು ನೇರವಾಗಿ ಗಡಿ ದಾಟುತ್ತದೆ, ದೇಶದ ಒಳಗಿನ ಜಾಲಕ್ಕೆ ಸೇರುವುದೇ ಇಲ್ಲ. ಸರ್ಕಾರದ ವಿದ್ಯುತ್ ಸಂಸ್ಥೆ ಖಾಸಗಿ ಸ್ಥಾವರಗಳಿಂದ ಇಂತಿಷ್ಟು ಕೊಂಡೇ ಕೊಳ್ಳುತ್ತೇನೆ ಅಂತ ಬರೆದುಕೊಟ್ಟಿದೆ. ಹಾಗಾಗಿ ಮಳೆಗಾಲದಲ್ಲಿ ಬೇಡದಿದ್ದರೂ ದುಡ್ಡು ಕಟ್ಟಬೇಕು. ಬೇಸಿಗೆಯಲ್ಲಿ ಹೆಚ್ಚಿನ ದರಕ್ಕೆ ಹೊರಗಿಂದ ತರಬೇಕು. ಆ ಸಂಸ್ಥೆ ಸಾಲದಲ್ಲಿ ಮುಳುಗಿದ್ದು ಹೀಗೆ. 2021ರಲ್ಲಿ ಸರ್ಕಾರ ಹೈ ವೋಲ್ಟೇಜ್ ಲೈನುಗಳ ಜಾಲವನ್ನು 25 ವರ್ಷಕ್ಕೆ ಒಂದು ಹೊಸ ಕಂಪನಿಗೆ ವಹಿಸಿತು. ಅದರಲ್ಲಿ ಹೆಚ್ಚಿನ ಪಾಲು ಚೀನಾದ ಸರ್ಕಾರಿ ಸಂಸ್ಥೆಯದು.

ಅಣೆಕಟ್ಟು ಒಡೆದ ಸುದ್ದಿ ಓದಿದ್ದೆ. ಮೀನು, ನದಿ ಗತಿ ಏನು?

2018ರ ಜುಲೈ 23ರಂದು ಅತ್ತಪೂ ಪ್ರಾಂತ್ಯದಲ್ಲಿ ಸೆ ಪಿಯಾನ್ ಸೆ ನಾಮ್ನೋಯ್ ಯೋಜನೆಯ ಮಣ್ಣಿನ ಅಡ್ಡಕಟ್ಟೆ ಒಡೆಯಿತು. ಅದು ಮುಖ್ಯ ಅಣೆಕಟ್ಟಲ್ಲ. ಜಲಾಶಯದ ತಗ್ಗು ಅಂಚು ಮುಚ್ಚಲು ಕಟ್ಟಿದ ಕಟ್ಟೆ. ಹಲವು ಹಳ್ಳಿಗಳು ಕೊಚ್ಚಿಹೋದವು. ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು, ಸಾವಿರಾರು ಜನ ಮನೆ ಕಳೆದುಕೊಂಡು ವರ್ಷಗಟ್ಟಲೆ ತಾತ್ಕಾಲಿಕ ಶೆಡ್‌ಗಳಲ್ಲಿ ಇರಬೇಕಾಯಿತು. ಬೆಟ್ಟದ ಮೇಲೆ ನೀರು ಏರುತ್ತಿದ್ದಾಗ ಕೆಳಗಿನವರಿಗೆ ಸರಿಯಾದ ಹೊತ್ತಿಗೆ ಎಚ್ಚರಿಕೆ ಮುಟ್ಟಲಿಲ್ಲ. ಇದನ್ನು ಅಪಘಾತ ಅಂತಷ್ಟೇ ಬರೆದು ಮುಂದೆ ಹೋಗುವುದು ನನಗೆ ಒಪ್ಪಿಗೆಯಿಲ್ಲ.

ಮೀನಿನದು ನಿಧಾನದ ನಷ್ಟ. ಮೆಕಾಂಗ್‌ನ ಬಹಳಷ್ಟು ಮೀನುಗಳು ಮೊಟ್ಟೆಯಿಡಲು ನೂರಾರು ಕಿಲೋಮೀಟರ್ ಮೇಲಕ್ಕೆ ಈಜುತ್ತವೆ. 2019ರಲ್ಲಿ ಸಯಾಬುರಿ, 2020ರಲ್ಲಿ ಡಾನ್ ಸಾಹೋಂಗ್ ಅಣೆಕಟ್ಟುಗಳು ಮುಖ್ಯ ನದಿಗೇ ಬಂದವು. ಮೀನು ಹಾದುಹೋಗಲು ದಾರಿ ಮಾಡಿದ್ದಾರೆ. ಆದರೆ ಅಷ್ಟೊಂದು ಜಾತಿಯ ಮೀನುಗಳಿಗೆ ಒಂದೇ ಬಗೆಯ ದಾರಿ ಹೊಂದುತ್ತದಾ ಅನ್ನುವ ವಾದ ಮುಗಿದಿಲ್ಲ. ಹೂಳು ಅಣೆಕಟ್ಟಿನ ಹಿಂದೆ ನಿಂತುಬಿಟ್ಟರೆ ವಿಯೆಟ್ನಾಂನ ಮುಖಜ ಭೂಮಿಯ ಗದ್ದೆಗಳಿಗೂ ಪೆಟ್ಟು.

ಚೀನಾ ರೈಲು ಬಂದ್ಮೇಲೆ ಲಾಭ ಆಯ್ತಾ, ನಷ್ಟವಾ?

ಎರಡೂ ಉತ್ತರ ಸರಿ, ಯಾರನ್ನು ಕೇಳುತ್ತೀರಿ ಅನ್ನುವುದರ ಮೇಲೆ. 2021ರ ಡಿಸೆಂಬರ್ 3ರಂದು ಚೀನಾ ಗಡಿಯ ಬೋಟೆನ್‌ನಿಂದ ವಿಯೆಂಟಿಯಾನ್‌ಗೆ ರೈಲು ಶುರುವಾಯಿತು. 400 ಕಿಲೋಮೀಟರ್ ಚಿಲ್ಲರೆ ದಾರಿ, 75 ಸುರಂಗ, ಗಂಟೆಗೆ 160 ಕಿಲೋಮೀಟರ್ ವೇಗ. ಅದಕ್ಕೂ ಮುಂಚೆ ದೇಶದಲ್ಲಿ ಓಡುತ್ತಿದ್ದ ರೈಲು ದಾರಿ ನೋಂಗ್ ಖಾಯ್‌ನಿಂದ ಥಾನಲೆಂಗ್‌ಗೆ ಬರುವ 3.5 ಕಿಲೋಮೀಟರ್ ಮಾತ್ರ. ವಿಯೆಂಟಿಯಾನ್‌ನಿಂದ ಲುವಾಂಗ್ ಪ್ರಬಾಂಗ್‌ಗೆ ಘಾಟಿ ರಸ್ತೆಯಲ್ಲಿ ಇಡೀ ದಿನ ಹಿಡಿಯುತ್ತಿತ್ತು, ಈಗ ಎರಡು ಗಂಟೆ. 2023ರ ಏಪ್ರಿಲ್‌ನಿಂದ ಕುನ್ಮಿಂಗ್ ತನಕ ಪ್ರಯಾಣಿಕರ ರೈಲೂ ಇದೆ. ಪ್ರವಾಸಿಗರು ಹೆಚ್ಚಿದ್ದಾರೆ. ಥಾಯ್ಲೆಂಡ್‌ನ ಡ್ಯೂರಿಯನ್ ಹಣ್ಣು ಇದೇ ದಾರಿಯಲ್ಲಿ ಚೀನಾ ತಲುಪುತ್ತದೆ.

ಖರ್ಚು ಸುಮಾರು 600 ಕೋಟಿ ಡಾಲರ್. ಆಗ ದೇಶದ ಒಂದು ವರ್ಷದ ಒಟ್ಟು ಉತ್ಪನ್ನದ ಮೂರನೇ ಒಂದು ಭಾಗದಷ್ಟು. ಕಂಪನಿಯಲ್ಲಿ ಚೀನಾಕ್ಕೆ 70 ಶೇಕಡ, ಲಾವೋಸ್‌ಗೆ 30. ಖರ್ಚಿನ 60 ಶೇಕಡ ಕಂಪನಿಯೇ ಚೀನಾದ ಎಕ್ಸಿಮ್ ಬ್ಯಾಂಕಿನಿಂದ ತಂದ ಸಾಲ. ಲಾವೋಸ್ ತನ್ನ ಪಾಲಿನ ಬಂಡವಾಳ ಹಾಕಲೂ ಅದೇ ಬ್ಯಾಂಕಿನಿಂದ 48 ಕೋಟಿ ಡಾಲರ್ ಸಾಲ ತಂದಿತು, 25 ಕೋಟಿಯಷ್ಟು ಬಜೆಟ್‌ನಿಂದ ಕೊಟ್ಟಿತು.

ತಾಂತ್ರಿಕ ತೊಡಕೂ ಒಂದಿದೆ. ಚೀನಾ ರೈಲಿನ ಹಳಿಗಳ ಅಗಲ 1,435 ಮಿಲಿಮೀಟರ್, ಥಾಯ್ಲೆಂಡ್‌ನದು ಮೀಟರ್ ಗೇಜ್. ವಿಯೆಂಟಿಯಾನ್ ಹತ್ತಿರ ಕಂಟೇನರ್‌ಗಳನ್ನು ಕ್ರೇನ್‌ನಲ್ಲಿ ಎತ್ತಿ ಒಂದು ರೈಲಿನಿಂದ ಇನ್ನೊಂದಕ್ಕೆ ಇಡುತ್ತಾರೆ. ಥಾನಲೆಂಗ್‌ನಲ್ಲಿ ಇದಕ್ಕೆಂದೇ ಒಣ ಬಂದರು ಇದೆ. ಲಾವೋಸ್‌ಗೆ ದುಡಿಮೆ ಹುಟ್ಟುವುದು ಇಂಥ ಜಾಗದಲ್ಲಿ: ಗೋದಾಮು, ಪ್ಯಾಕಿಂಗ್, ಶೀತಲ ಕೊಠಡಿ, ಸಣ್ಣ ಕಾರ್ಖಾನೆ. ಅವು ಬೆಳೆಯದಿದ್ದರೆ ರೈಲು ದೇಶದ ಮೇಲೆ ಹಾದುಹೋಗುತ್ತದೆ ಅಷ್ಟೇ.

ಕಿಪ್ ಬೆಲೆ ಅಷ್ಟು ಯಾಕೆ ಬಿತ್ತು? ಶ್ರೀಲಂಕಾ ಥರ ದಿವಾಳಿ ಆಗುತ್ತಾ?

ಕಿಪ್ ಅಂದರೆ ಲಾವೋಸ್‌ನ ಕರೆನ್ಸಿ. 2020ರಲ್ಲಿ ಒಂದು ಡಾಲರ್‌ಗೆ ಸುಮಾರು 9,000 ಕಿಪ್ ಇತ್ತು. 2023ರ ಹೊತ್ತಿಗೆ 20,000 ದಾಟಿತು. 2023ರ ಫೆಬ್ರವರಿಯಲ್ಲಿ ಬೆಲೆಯೇರಿಕೆ 41 ಶೇಕಡ ಮುಟ್ಟಿತು. ಅದರ ಹಿಂದಿನ ವರ್ಷ ವಿಯೆಂಟಿಯಾನ್‌ನ ಪೆಟ್ರೋಲ್ ಬಂಕ್‌ಗಳ ಮುಂದೆ ಉದ್ದುದ್ದ ಸಾಲು. ಸಾಲದ ಕಂತು ಡಾಲರ್‌ನಲ್ಲಿ ಕಟ್ಟಬೇಕು, ಪೆಟ್ರೋಲ್ ಡಾಲರ್‌ನಲ್ಲಿ ತರಬೇಕು. ರಫ್ತು ಮಾಡಿ ಗಳಿಸಿದ ಡಾಲರ್‌ನಲ್ಲಿ ಬಹಳಷ್ಟು ಯೋಜನೆ ಕಟ್ಟಿದ ಕಂಪನಿಗಳ ಹೊರದೇಶದ ಖಾತೆಗೇ ಹೋಗುತ್ತಿತ್ತು. ಕೈಯಲ್ಲಿ ಡಾಲರ್ ಇಲ್ಲದಿದ್ದಾಗ ಕಿಪ್ ಜಾರಿತು. ಅಂಗಡಿಯವರು ಥಾಯ್ ಬಾತ್‌ನಲ್ಲೇ ಬೆಲೆ ಹೇಳತೊಡಗಿದರು.

ಸಾರ್ವಜನಿಕ ಸಾಲ ಒಂದು ಹಂತದಲ್ಲಿ ದೇಶದ ಒಟ್ಟು ಉತ್ಪನ್ನಕ್ಕಿಂತಲೂ ಹೆಚ್ಚಾಯಿತು. ಹೊರಗಿನ ಸಾಲದಲ್ಲಿ ಅರ್ಧದಷ್ಟು ಚೀನಾದ್ದು. ಶ್ರೀಲಂಕಾಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಶ್ರೀಲಂಕಾ ಕೈಚೆಲ್ಲಿ ಐಎಂಎಫ್ ಬಾಗಿಲು ತಟ್ಟಿತು. ಲಾವೋಸ್‌ಗೆ ಚೀನಾ 2020ರಿಂದೀಚೆಗೆ ಕಂತುಗಳನ್ನು ಮುಂದಕ್ಕೆ ಹಾಕಿಕೊಡುತ್ತ ಬಂದಿದೆ. ಅದರಿಂದ ದಿವಾಳಿ ತಪ್ಪಿತು. ಆದರೆ ಈ ಮಾತುಕತೆಯ ಷರತ್ತುಗಳು ಹೊರಗೆ ಬರುವುದಿಲ್ಲ. ಬೆಲೆ ತೆರುವವರು ಸಾಮಾನ್ಯ ಜನ. ಆಸ್ಪತ್ರೆ, ಶಾಲೆಗಳ ಖರ್ಚಿಗೆ ಕತ್ತರಿ ಬಿತ್ತು. ಶಿಕ್ಷಕರು ಕೆಲಸ ಬಿಟ್ಟರು. ಹಳ್ಳಿಯ ಹುಡುಗ ಹುಡುಗಿಯರು ಶಾಲೆ ಬಿಟ್ಟು ಥಾಯ್ಲೆಂಡ್‌ನ ಕಾರ್ಖಾನೆ, ಹೋಟೆಲ್, ಮನೆಗೆಲಸಕ್ಕೆ ಹೋದರು.

ಕಮ್ಯುನಿಸ್ಟ್ ದೇಶ ಅಂತೀರಿ, ಮತ್ತೆ ಕಂಪನಿಗಳೆಲ್ಲ ಹೇಗೆ ಬಂದವು?

ಸಾಮೂಹಿಕ ಬೇಸಾಯ ಸೋತ ಮೇಲೆ, 1986ರಲ್ಲಿ ಪಕ್ಷವೇ ಮಾರುಕಟ್ಟೆಗೆ ಬಾಗಿಲು ತೆರೆಯಿತು. 1997ರಲ್ಲಿ ಆಗ್ನೇಯ ಏಷ್ಯಾ ದೇಶಗಳ ಒಕ್ಕೂಟ ಆಸಿಯಾನ್, 2013ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಸೇರಿತು. ಭೂಮಿ ಈಗಲೂ ಸರ್ಕಾರದ್ದು, ಕಂಪನಿಗಳಿಗೆ ಗುತ್ತಿಗೆಗೆ ಕೊಡುತ್ತಾರೆ. ಚಿನ್ನ, ತಾಮ್ರ, ಪೊಟ್ಯಾಷ್ ಗಣಿಗಳು, ರಬ್ಬರ್ ತೋಟಗಳು ಬಂದದ್ದು ಹೀಗೆ. ಬೇರೆ ಪಕ್ಷ ಇಲ್ಲ, ಸ್ವತಂತ್ರ ಪತ್ರಿಕೆ ಇಲ್ಲ. ಗುತ್ತಿಗೆಯಲ್ಲಿ ಭೂಮಿ ಹೋದವನಿಗೆ ದೂರು ಹೇಳಿಕೊಳ್ಳಲು ಜಾಗ ಬಹಳ ಕಮ್ಮಿ.

### ಭಾರತಕ್ಕೂ ಲಾವೋಸ್‌ಗೂ

ಅಲ್ಲಿ ಶಿವನ ದೇವಸ್ಥಾನ ಇದೆಯಂತೆ, ಹೌದಾ?

ಹೌದು. ಚಂಪಾಸಕ್‌ನ ವಾಟ್ ಫೂ, ಖಮೇರ್ (ಕಾಂಬೋಡಿಯಾದ ಹಳೇ ಸಾಮ್ರಾಜ್ಯ) ಕಾಲದ ಶಿವ ದೇಗುಲ. ಹಿಂದಿನ ಬೆಟ್ಟದ ತುದಿ ಲಿಂಗದ ಆಕಾರದಲ್ಲಿದೆ. ಬೆಟ್ಟದ ಒರತೆ ನೀರನ್ನು ಕಲ್ಲಿನ ದೋಣಿಯಲ್ಲಿ ಹರಿಸಿ ಗರ್ಭಗುಡಿಯ ಲಿಂಗಕ್ಕೆ ಬೀಳುವಂತೆ ಮಾಡಿದ್ದರು. ಈಗ ಅಲ್ಲಿ ಬುದ್ಧನ ಪೂಜೆ ನಡೆಯುತ್ತದೆ. 2001ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಭಾರತೀಯ ಪುರಾತತ್ವ ಸರ್ವೇಕ್ಷಣೆಯವರು ಅಲ್ಲಿ ಜೀರ್ಣೋದ್ಧಾರದ ಕೆಲಸ ಮಾಡಿದ್ದಾರೆ.

ಲಾವೋಸ್‌ನಲ್ಲಿ ಡೇಟಾ ಎಂಟ್ರಿ ಕೆಲಸ, ಒಳ್ಳೆ ಸಂಬಳ, ಟಿಕೆಟ್ ಅವರೇ ಕೊಡ್ತಾರೆ ಅಂತ ಫೋನ್ ಬಂದಿದೆ. ಹೋಗಬಹುದಾ?

ಹೋಗಬೇಡಿ. ಬೊಕಿಯೊ ಪ್ರಾಂತ್ಯದಲ್ಲಿ ಗೋಲ್ಡನ್ ಟ್ರಯಾಂಗಲ್ ವಿಶೇಷ ಆರ್ಥಿಕ ವಲಯ ಅಂತ ಒಂದಿದೆ. 99 ವರ್ಷದ ಗುತ್ತಿಗೆಗೆ ಕೊಟ್ಟ ಜಾಗ, ಕ್ಯಾಸಿನೊಗಳಿಂದ ಶುರುವಾಗಿ ಈಗ ಸೈಬರ್ ವಂಚನೆಯ ಅಡ್ಡೆಗಳಿಗೆ ಹೆಸರಾಗಿದೆ. 'ಡಿಜಿಟಲ್ ಮಾರ್ಕೆಟಿಂಗ್', 'ಕಸ್ಟಮರ್ ಸಪೋರ್ಟ್' ಕೆಲಸ ಎಂದು ಹೇಳಿ ಕರೆಸಿಕೊಳ್ಳುತ್ತಾರೆ. ದುಬೈ, ಬ್ಯಾಂಕಾಕ್, ಸಿಂಗಪುರ ಅಥವಾ ಭಾರತದಲ್ಲೇ ಏಜೆಂಟ್ ಒಂದು ಸಣ್ಣ ಸಂದರ್ಶನ, ಟೈಪಿಂಗ್ ಪರೀಕ್ಷೆ ಮಾಡುತ್ತಾನೆ. ಥಾಯ್ಲೆಂಡ್ ಮೂಲಕ ಗಡಿ ದಾಟಿಸಿ, ಪಾಸ್‌ಪೋರ್ಟ್ ಕಿತ್ತುಕೊಂಡು, ಆನ್‌ಲೈನ್‌ನಲ್ಲಿ ಜನರನ್ನು ವಂಚಿಸುವ ಕೆಲಸಕ್ಕೆ ಕೂರಿಸುತ್ತಾರೆ. ಗುರಿ ಮುಟ್ಟದಿದ್ದರೆ ದಂಡ, ಹೊಡೆತ. 2024ರ ಆಗಸ್ಟ್‌ನಲ್ಲಿ ಒಂದೇ ಸಲ 47 ಭಾರತೀಯರನ್ನು ನಮ್ಮ ರಾಯಭಾರ ಕಚೇರಿ ಅಲ್ಲಿಂದ ಬಿಡಿಸಿತು. ಅದಕ್ಕೂ ಮುಂಚೆ ನೂರಾರು ಜನರನ್ನು ಬಿಡಿಸಿತ್ತು.

ಒಂದು ಗುರುತು ನೆನಪಿಡಿ. ಲಾವೋಸ್‌ನ ವೀಸಾ ಆನ್ ಅರೈವಲ್ ಮೇಲೆ ಕೆಲಸ ಮಾಡುವ ಹಾಗಿಲ್ಲ, ಆ ವೀಸಾ ಇಟ್ಟುಕೊಂಡವರಿಗೆ ಕೆಲಸದ ಪರವಾನಗಿಯೂ ಸಿಗುವುದಿಲ್ಲ. 'ಮೊದಲು ಟೂರಿಸ್ಟ್ ಆಗಿ ಬಾ, ಆಮೇಲೆ ನೋಡೋಣ' ಎಂದರೆ ಅಲ್ಲಿಗೇ ಮಾತು ನಿಲ್ಲಿಸಿ. ಆಫರ್ ಪತ್ರ ಬಂದಿದ್ದರೆ ಟಿಕೆಟ್ ತೆಗೆದುಕೊಳ್ಳುವ ಮುಂಚೆ ವಿಯೆಂಟಿಯಾನ್‌ನ ಭಾರತೀಯ ರಾಯಭಾರ ಕಚೇರಿಗೆ ಆ ಪತ್ರ ಕಳಿಸಿ ಕೇಳಿ. ಮನೆಯವರೊಬ್ಬರು ಈಗಾಗಲೇ ಅಲ್ಲಿ ಸಿಕ್ಕಿಬಿದ್ದಿದ್ದರೆ ಏಜೆಂಟ್‌ಗೆ ಇನ್ನಷ್ಟು ದುಡ್ಡು ಹಾಕಬೇಡಿ. ಪಾಸ್‌ಪೋರ್ಟ್ ನಕಲು, ಅವರು ಕೊನೆಯದಾಗಿ ಕಳಿಸಿದ ಲೊಕೇಶನ್, ಏಜೆಂಟ್‌ನ ಫೋನ್ ನಂಬರ್, ಮೂರನ್ನೂ ರಾಯಭಾರ ಕಚೇರಿಗೆ ಕಳಿಸಿ, ಹತ್ತಿರದ ಸೈಬರ್ ಠಾಣೆಯಲ್ಲೂ ದೂರು ಕೊಡಿ.